ಸಿಂಗಪುರದ ಗಾಜಿನ ಮನೆಗಳಿಗೆ ಒಂದು ದಿನ: ಹೋಗುವ ಮುನ್ನ ಹಾಕಿಕೊಳ್ಳಬೇಕಾದ ಲೆಕ್ಕ

ಚಳಿ ದೇಶಗಳಲ್ಲಿ ಗಾಜಿನ ಮನೆ ಕಟ್ಟುವುದು ಗಿಡಗಳನ್ನು ಬೆಚ್ಚಗಿಡುವುದಕ್ಕೆ. ಸಮಭಾಜಕ ವೃತ್ತದಿಂದ ಒಂದು ಡಿಗ್ರಿಯಷ್ಟೇ ಉತ್ತರಕ್ಕಿರುವ ಸಿಂಗಪುರದಲ್ಲಿ ಗಾಜಿನ ಮನೆ ಕಟ್ಟಿರುವುದು ಗಿಡಗಳನ್ನು ತಂಪಾಗಿಡುವುದಕ್ಕೆ. ಹೊರಗೆ ಮಧ್ಯಾಹ್ನದ ಉಷ್ಣಾಂಶ ಸುಮಾರು ವರ್ಷವಿಡೀ 31ರಿಂದ 33 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ, ಒಳಗೆ 23ರಿಂದ 25 ಡಿಗ್ರಿಯ ತಂಪಿನಲ್ಲಿ ಆಲಿವ್ ಮರಗಳೂ ಬೆಟ್ಟದ ನೆತ್ತಿಯ ಜರೀಗಿಡಗಳೂ ಬೆಳೆಯುತ್ತಿರುತ್ತವೆ. ಈ ಸಂಗತಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಿನದ ಅರ್ಧ ಯೋಜನೆ ತಾನಾಗಿಯೇ ಆಗುತ್ತದೆ: ಬಯಲಿನಲ್ಲಿ ನೋಡಬೇಕಾದದ್ದನ್ನು ಬೆಳಗ್ಗೆ ಮುಗಿಸಿ, ಬಿಸಿಲೇರುವ ಮತ್ತು ಗುಡುಗುಮಳೆ ಬರುವ ಹೊತ್ತನ್ನು ಗಾಜಿನ ಮನೆಗಳಿಗೆ ಮೀಸಲಿಟ್ಟು, ಕತ್ತಲಾಗುವಾಗ ಮತ್ತೆ ಹೊರಗೆ ಬರಬೇಕು. ಇದಕ್ಕೆ ತಿರುವುಮುರುವಾಗಿ ಹೋದವರು ಅಲ್ಲಿನ ಉದ್ಯಾನದ ಕೃತಕ ಉಕ್ಕಿನ ಮರಗಳ ಕೆಳಗೆ ಬೆವರು ಸುರಿಸುತ್ತ ನಿಂತು, ಸಂಜೆಗೆ ದಣಿದ ಕಾಲುಗಳೊಡನೆ ಗಾಜಿನ ಮನೆ ಹೊಕ್ಕು, ಏನನ್ನೂ ಸರಿಯಾಗಿ ನೋಡದೆ ಹೊರಬರುವುದನ್ನು ನಾನು ಕಂಡಿದ್ದೇನೆ.

ಮೊದಲು ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬೇಕು. ಸೂರಿನಡಿ ಗಿಡಗಳನ್ನು ಬೆಳೆಸಿ ತೋರಿಸುವ ತಾಣಗಳು ಈ ನಗರದಲ್ಲಿ ನಾಲ್ಕೈದಿವೆ. ಗಾರ್ಡನ್ಸ್ ಬೈ ದ ಬೇ ಎಂಬ ವಿಶಾಲ ಉದ್ಯಾನದಲ್ಲಿ ಫ್ಲವರ್ ಡೋಮ್ ಮತ್ತು ಕ್ಲೌಡ್ ಫಾರೆಸ್ಟ್ ಎಂಬ ಎರಡು ದೊಡ್ಡ ಗಾಜಿನ ಮನೆಗಳಿವೆ. 2012ರಲ್ಲಿ ಸಾರ್ವಜನಿಕರಿಗೆ ತೆರೆದ ಇವೇ ಈ ದಿನದ ಜೀವಾಳ. ಅಲ್ಲಿಯೇ 2019ರಲ್ಲಿ ಸೇರಿದ ಫ್ಲೋರಲ್ ಫ್ಯಾಂಟಸಿ ಎಂಬ ಚಿಕ್ಕ ಒಳಾಂಗಣ ತೋಟವಿದೆ. 1859ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಿಂಗಪುರ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ರಾಷ್ಟ್ರೀಯ ಆರ್ಕಿಡ್ ಉದ್ಯಾನವೂ ಅದರೊಳಗೆ ತಂಪುಮನೆ, ಮಂಜುಮನೆಗಳೂ ಇವೆ. ಚಾಂಗಿ ವಿಮಾನ ನಿಲ್ದಾಣದ ಜ್ಯೂಯೆಲ್ ಕಟ್ಟಡದಲ್ಲಿ 40 ಮೀಟರ್ ಎತ್ತರದಿಂದ ನೀರು ಧುಮುಕುವ ಒಳಾಂಗಣ ಜಲಪಾತವೂ ಅದರ ಸುತ್ತ ಹಬ್ಬಿದ ಗಿಡಗಳ ಕಣಿವೆಯೂ ಇವೆ. ಇವೆಲ್ಲವನ್ನೂ ಒಂದೇ ದಿನಕ್ಕೆ ತುರುಕಬಾರದು. ಜ್ಯೂಯೆಲ್ ಅನ್ನು ಊರಿಗೆ ಮರಳುವ ದಿನಕ್ಕೆ ಇಟ್ಟುಕೊಳ್ಳಿ. ಅದರ ಕಣಿವೆಯನ್ನು ನೋಡಲು ಟಿಕೆಟ್ ಬೇಕಿಲ್ಲ, ವಿಮಾನಕ್ಕಾಗಿ ಹೋಗಬೇಕಾದ ಹೊತ್ತಿಗಿಂತ ಎರಡು ಗಂಟೆ ಮೊದಲೇ ಹೋದರೆ ಸಾಕು. ಚಿಕ್ಕ ಮಕ್ಕಳಿದ್ದರೆ ಮಾತ್ರ ಫ್ಲೋರಲ್ ಫ್ಯಾಂಟಸಿ ಸೇರಿಸಿ. ಉಳಿದ ಮೂರನ್ನು, ಅಂದರೆ ಆರ್ಕಿಡ್ ಉದ್ಯಾನ, ಫ್ಲವರ್ ಡೋಮ್, ಕ್ಲೌಡ್ ಫಾರೆಸ್ಟ್‌ಗಳನ್ನು ಇದೇ ಕ್ರಮದಲ್ಲಿ ನೋಡುವುದು ಒಂದು ದಿನಕ್ಕೆ ಹಿತವಾದ ಹೊರೆ.

ದಿನಾಂಕವನ್ನು ಗೊತ್ತುಮಾಡುವಾಗ ಎರಡು ವಿಷಯಗಳನ್ನು ಪರಿಶೀಲಿಸಬೇಕು. ಮೊದಲನೆಯದು, ನಿರ್ವಹಣೆಯ ದಿನ. ಗಾಜಿನ ಮನೆಗಳು ಸಾಮಾನ್ಯವಾಗಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ತೆರೆದಿರುತ್ತವಾದರೂ ತಿಂಗಳಲ್ಲಿ ಒಂದು ದಿನವೋ ಅರ್ಧ ದಿನವೋ ನಿರ್ವಹಣೆಗಾಗಿ ಮುಚ್ಚುವುದುಂಟು. ಆ ದಿನಾಂಕಗಳನ್ನು ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಮುಂಚಿತವಾಗಿಯೇ ಪ್ರಕಟಿಸಿರುತ್ತಾರೆ. ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದು ಆಮೇಲೆ ಇದನ್ನು ನೋಡುವ ಬದಲು, ನಗರದಲ್ಲಿರುವ ಮೂರ್ನಾಲ್ಕು ದಿನಗಳಲ್ಲಿ ಯಾವುದು ಗಾಜಿನ ಮನೆಯ ದಿನ ಎಂಬುದನ್ನು ಇದನ್ನು ನೋಡಿಯೇ ತೀರ್ಮಾನಿಸುವುದು ಒಳ್ಳೆಯದು. ಎರಡನೆಯದು, ಜನಸಂದಣಿ. ಜೂನ್ ತಿಂಗಳು ಮತ್ತು ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗಿನ ಅವಧಿ ಅಲ್ಲಿನ ಶಾಲಾ ರಜೆಯ ಕಾಲ. ಆಗ ಹೋಗುವುದು ಅನಿವಾರ್ಯವಾದರೆ ಶನಿವಾರ, ಭಾನುವಾರಗಳನ್ನಾದರೂ ತಪ್ಪಿಸಿ.

ಟಿಕೆಟ್ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ಥಳೀಯ ನಿವಾಸಿಗಳಿಗೂ ಹೊರದೇಶದವರಿಗೂ ದರ ಬೇರೆ ಬೇರೆ ಇರುವುದರಿಂದ ಹೊರದೇಶದವರ ದರವನ್ನೇ ನೋಡಿ ಲೆಕ್ಕ ಹಾಕಿ. ಒಳಗೆ ವಿಶೇಷ ಪ್ರದರ್ಶನವಿದ್ದಾಗ ದರ ಬದಲಾಗುತ್ತದೆ. ಬೊಟಾನಿಕ್ ಗಾರ್ಡನ್ಸ್‌ಗೆ ಪ್ರವೇಶ ಉಚಿತ, ಅದರೊಳಗಿನ ಆರ್ಕಿಡ್ ಉದ್ಯಾನಕ್ಕೆ ಮಾತ್ರ ಶುಲ್ಕವಿದೆ. ಮೆಟ್ರೋ ರೈಲಿಗೆ ಬೇರೆ ಕಾರ್ಡ್ ಕೊಳ್ಳಬೇಕಾಗಿಲ್ಲ. ಹೊರದೇಶದ ವ್ಯವಹಾರಕ್ಕೆ ಅನುಮತಿ ಪಡೆದ, ತಾಗಿಸಿ ಹಣ ಕೊಡಬಹುದಾದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಅದನ್ನೇ ಗೇಟಿನಲ್ಲಿ ತಾಗಿಸಿ ಒಳಹೋಗಬಹುದು.

ಬೆಳಗ್ಗೆ ನೇಪಿಯರ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಬೊಟಾನಿಕ್ ಗಾರ್ಡನ್ಸ್‌ನ ದಕ್ಷಿಣ ತುದಿಯ ಟಾಂಗ್ಲಿನ್ ದ್ವಾರ ಹತ್ತಿರವಾಗುತ್ತದೆ. ಅಲ್ಲಿ ಸೂರ್ಯೋದಯವಾಗುವುದು ಏಳರ ಸುಮಾರಿಗೆ. ಏಳೂವರೆಗೆ ಒಳಗೆ ಕಾಲಿಟ್ಟರೆ ತಂಪು ಹೊತ್ತಿನಲ್ಲಿ ಹಂಸಗಳ ಕೊಳವನ್ನು ದಾಟಿ, ಉದ್ಯಾನಕ್ಕಿಂತಲೂ ಹಳೆಯದಾದ ಮೂಲ ಮಳೆಕಾಡಿನ ತುಣುಕಿನಲ್ಲಿ ಸ್ವಲ್ಪ ಅಡ್ಡಾಡಿ, ಎಂಟೂವರೆಗೆ ಆರ್ಕಿಡ್ ಉದ್ಯಾನದ ಬಾಗಿಲು ತೆರೆಯುವ ವೇಳೆಗೆ ಸರಿಯಾಗಿ ಅಲ್ಲಿರಬಹುದು. ನಾವು ಸೀತಾಳೆ ಎನ್ನುವ ಹೂವಿನ ಕುಟುಂಬ ಎಷ್ಟು ದೊಡ್ಡದು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ: ಸಾವಿರಕ್ಕೂ ಹೆಚ್ಚು ಮೂಲ ಪ್ರಭೇದಗಳೂ ಎರಡು ಸಾವಿರದಷ್ಟು ಮಿಶ್ರತಳಿಗಳೂ ಇಲ್ಲಿನ ಸಂಗ್ರಹದಲ್ಲಿವೆ. 1981ರಲ್ಲಿ ರಾಷ್ಟ್ರೀಯ ಪುಷ್ಪವೆಂದು ಘೋಷಿತವಾದ ವಾಂಡಾ ಮಿಸ್ ಜೋಕಿಮ್ ಅನ್ನು ನೋಡದೆ ಹೊರಡಬೇಡಿ. ತಂಪುಮನೆಯನ್ನು ಕೊನೆಯಲ್ಲಿ ನೋಡಿ. ಬಯಲಿನಲ್ಲಿ ಕಣ್ಣು ಕುಕ್ಕುವ ಹೂಗೊಂಚಲುಗಳನ್ನು ಕಂಡ ಮೇಲೆ, ಎತ್ತರದ ಬೆಟ್ಟಗಳಿಂದ ಬಂದ ಉಗುರಿನಷ್ಟೇ ಗಾತ್ರದ ಹೂಗಳ ಮುಂದೆ ಬಗ್ಗಿ ನಿಲ್ಲುವ ಸುಖವೇ ಬೇರೆ. ಮಧ್ಯಾಹ್ನ ನೋಡಲಿರುವ ಕ್ಲೌಡ್ ಫಾರೆಸ್ಟ್‌ಗೆ ಅದೊಂದು ಮುನ್ನುಡಿಯೂ ಹೌದು.

ಅಲ್ಲಿಂದ ಬಂದ ದಾರಿಯಲ್ಲೇ ಹಿಂದಿರುಗದೆ ಉತ್ತರಕ್ಕೆ ನಡೆದು, ಬುಕಿಟ್ ತಿಮಾ ದ್ವಾರದ ಬಳಿಯ ಬೊಟಾನಿಕ್ ಗಾರ್ಡನ್ಸ್ ನಿಲ್ದಾಣ ತಲುಪಿ. ನೀಲಿ ಬಣ್ಣದ ಡೌನ್‌ಟೌನ್ ಮಾರ್ಗದ ರೈಲು ಎಲ್ಲಿಯೂ ಬದಲಾಯಿಸದೆ ನೇರವಾಗಿ ಬೇಫ್ರಂಟ್ ನಿಲ್ದಾಣಕ್ಕೆ ಕೊಂಡೊಯ್ಯುತ್ತದೆ. ಲಿಟಲ್ ಇಂಡಿಯಾ ನಿಲ್ದಾಣ ಅದೇ ಹಾದಿಯಲ್ಲಿ ಬರುವುದರಿಂದ ಊಟಕ್ಕೆ ಅಲ್ಲಿಯೇ ಇಳಿದುಕೊಳ್ಳಿ. ಸಸ್ಯಾಹಾರಿಗಳಿಗಂತೂ ಇದಕ್ಕಿಂತ ಅನುಕೂಲದ ಏರ್ಪಾಡು ಈ ದಿನದಲ್ಲಿ ಇನ್ನೊಂದಿಲ್ಲ, ಸೆರಂಗೂನ್ ರಸ್ತೆಯ ಸುತ್ತಮುತ್ತ ದಕ್ಷಿಣ ಭಾರತದ ಊಟದ ಹೋಟೆಲುಗಳು ಸಾಲಾಗಿವೆ. ನಲ್ಲಿಯ ನೀರು ಅಲ್ಲಿ ಕುಡಿಯಲು ಯೋಗ್ಯವಾದದ್ದು. ಬಾಟಲಿಯೊಂದು ಚೀಲದಲ್ಲಿದ್ದರೆ ತುಂಬಿಕೊಳ್ಳುತ್ತ ಹೋಗಬಹುದು.

ಒಂದು ಗಂಟೆಯ ಹೊತ್ತಿಗೆ ಬೇಫ್ರಂಟ್ ತಲುಪಿ ನೆಲದಡಿಯ ದಾರಿಯಿಂದ ಉದ್ಯಾನ ಸೇರಿದರೆ, ಎರಡು ಗಾಜಿನ ಮನೆಗಳಲ್ಲಿ ಮೊದಲು ಯಾವುದು ಎಂಬ ಪ್ರಶ್ನೆ ಎದುರಾಗುತ್ತದೆ. ಬಹಳಷ್ಟು ಮಂದಿ ಒಳಗಿರುವ ಜಲಪಾತದ ಆಕರ್ಷಣೆಗೆ ಕ್ಲೌಡ್ ಫಾರೆಸ್ಟ್‌ಗೆ ಮೊದಲು ನುಗ್ಗುತ್ತಾರೆ. ಫ್ಲವರ್ ಡೋಮ್ ಮೊದಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಒಳಗಿನ ಹವೆ ಒಣಹವೆ. ಬೆವರಿ ಬಂದ ಬಟ್ಟೆ ಅಲ್ಲಿ ಆರುತ್ತದೆ. ಕ್ಲೌಡ್ ಫಾರೆಸ್ಟ್‌ನ ಹವೆ ತೇವದ್ದು. ಒದ್ದೆ ಬಟ್ಟೆಯಲ್ಲಿ ಅಲ್ಲಿಗೆ ಹೋದರೆ ಹತ್ತು ನಿಮಿಷಕ್ಕೆ ಚಳಿ ಹತ್ತುತ್ತದೆ. ಹೀಗಾಗಿ ತೆಳುವಾದ ಉದ್ದ ತೋಳಿನ ಮೇಲಂಗಿಯೊಂದು ಚೀಲದಲ್ಲಿರಲಿ, ಹಿರಿಯರಿಗಂತೂ ತಪ್ಪದೆ ಇರಲಿ.

1.2 ಹೆಕ್ಟೇರ್ ಹರವಿನ, 38 ಮೀಟರ್ ಎತ್ತರದ, 3,332 ಗಾಜಿನ ಹಲಗೆಗಳಿಂದಾದ ಫ್ಲವರ್ ಡೋಮ್ ಅನ್ನು ಪ್ರಪಂಚದ ಅತಿದೊಡ್ಡ ಗಾಜಿನ ಹಸಿರುಮನೆಯೆಂದು 2015ರಲ್ಲಿ ಗಿನ್ನೆಸ್ ದಾಖಲೆಯಲ್ಲಿ ಸೇರಿಸಲಾಯಿತು. ನಡುವಿನ ಹೂಬಯಲಿನಲ್ಲಿ ಋತುವಿಗೊಂದು ಪ್ರದರ್ಶನ ಬದಲಾಗುತ್ತಿರುತ್ತದೆ: ಚೀನೀ ಹೊಸವರ್ಷದ ವೇಳೆಗೆ ಡೇಲಿಯಾ, ಆಮೇಲೆ ಸಕುರಾ, ಟುಲಿಪ್, ಹೀಗೆ. ಜನವೆಲ್ಲ ಅಲ್ಲಿಯೇ ಗುಂಪುಗೂಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಕಾಲು ಗಂಟೆ ಕೊಡಿ, ಉಳಿದ ಹೊತ್ತನ್ನು ಮೇಲಿನ ಅಂತಸ್ತುಗಳ ಶಾಶ್ವತ ತೋಟಗಳಿಗೆ ಕೊಡಿ. ಬೇಸಿಗೆಯಲ್ಲಿ ಒಣಗಿ ಚಳಿಗಾಲದಲ್ಲಿ ಮಳೆ ಬರುವ ನಾಡುಗಳು ಭೂಮಿಯ ಮೇಲೆ ಐದೇ ಕಡೆ ಇವೆ: ಮೆಡಿಟರೇನಿಯನ್ ತೀರ, ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ದಕ್ಷಿಣ ಆಫ್ರಿಕದ ತುದಿ, ಆಸ್ಟ್ರೇಲಿಯದ ದಕ್ಷಿಣ ಮತ್ತು ನೈಋತ್ಯ ಭಾಗ. ಇವುಗಳ ಗಿಡಗಳನ್ನು ಒಂದೇ ಸೂರಿನಡಿ ಸುತ್ತಿಬಂದರೆ, ಒಂದನ್ನೊಂದು ಕಾಣದೆ ಸಾವಿರಾರು ಮೈಲಿ ದೂರದಲ್ಲಿ ಬೆಳೆದ ಗಿಡಗಳೂ ನೀರಿನ ಕೊರತೆಗೆ ಒಂದೇ ಬಗೆಯ ಉತ್ತರ ಕಂಡುಕೊಂಡಿರುವುದು ಗೊತ್ತಾಗುತ್ತದೆ: ದಪ್ಪ ಚರ್ಮದ ಸಣ್ಣ ಎಲೆ, ಬೂದಿ ಬಳಿದಂಥ ಮೈಬಣ್ಣ, ಬಿಸಿಲಿಗೆ ಅಂಚನ್ನಷ್ಟೇ ಒಡ್ಡುವ ಭಂಗಿ. ನಮ್ಮಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಬಾವೊಬಾಬ್ ಮರಗಳೂ ಇಲ್ಲಿವೆ, ಕಾಂಡವನ್ನೇ ನೀರಿನ ಕೊಪ್ಪರಿಗೆ ಮಾಡಿಕೊಂಡ ಮರಗಳು.

ಮೂರೂ ಕಾಲರ ಹೊತ್ತಿಗೆ ಕ್ಲೌಡ್ ಫಾರೆಸ್ಟ್ ಹೊಗಬಹುದು. ಬಾಗಿಲು ದಾಟಿದ ಕೂಡಲೇ ಜಲಪಾತದ ತುಂತುರು ಮುಖಕ್ಕೆ ಬೀಳುತ್ತದೆ. ಎದುರಿಗೆ 35 ಮೀಟರ್ ಎತ್ತರದ, ಗಿಡಗಳೇ ಮೈಯಾದ ಕೃತಕ ಬೆಟ್ಟ. ಅಲ್ಲಿಯೇ ನಿಂತುಬಿಡದೆ, ಮಂಜು ಬಿಡುವ ಸಮಯದ ಫಲಕವನ್ನು ಮೊದಲು ಓದಿಕೊಳ್ಳಿ. ದಿನದಲ್ಲಿ ಹಲವು ಬಾರಿ ನಿಗದಿತ ಹೊತ್ತಿಗೆ ಬೆಟ್ಟದ ಸುತ್ತ ಮಂಜು ಬಿಡುತ್ತಾರೆ, ನಿಮ್ಮ ನಡಿಗೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಬಳಿಕ ಲಿಫ್ಟಿನಲ್ಲಿ ನೇರವಾಗಿ ನೆತ್ತಿಯ ಲಾಸ್ಟ್ ವರ್ಲ್ಡ್ ಎಂಬ ಅಂಕಣಕ್ಕೆ ಹೋಗಿ, ಅಲ್ಲಿಂದ ಸುತ್ತುದಾರಿಯಲ್ಲಿ ಇಳಿಯುತ್ತ ಬನ್ನಿ. ಬೆಟ್ಟದಿಂದ ಹೊರಚಾಚಿದ ತೂಗುದಾರಿಗಳಲ್ಲಿ ಎತ್ತರದ ಅಂಜಿಕೆ ಇರುವವರಿಗೆ ಎದೆ ಝಲ್ಲೆನ್ನಬಹುದು. ಅಂಥವರು ಲಿಫ್ಟ್ ಬಳಸಿ ಕೆಳಗಿನ ಅಂತಸ್ತುಗಳಿಗೆ ಇಳಿಯಬಹುದು.

ನೆತ್ತಿಯಲ್ಲಿ ಹೂಜಿಗಿಡಗಳ ಮುಂದೆ ಅರ್ಧ ಗಂಟೆ ನಿಲ್ಲಲು ಸಂಕೋಚಪಡಬೇಡಿ. ಎಲೆಯ ತುದಿ ಬಳ್ಳಿಯಂತೆ ನೀಳವಾಗಿ ಇಳಿದು, ಕೊನೆಗೆ ಮುಚ್ಚಳವಿರುವ ಹೂಜಿಯಾಗಿ ಮೇಲಕ್ಕೆ ತಿರುಗಿರುತ್ತದೆ. ಹೂಜಿಯ ಬಾಯಿಯ ಸುತ್ತ ನುಣುಪಾದ, ಸಣ್ಣ ಗೀರುಗಳಿರುವ ದಪ್ಪ ಅಂಚೊಂದಿದೆ. ಒಣಗಿದ್ದಾಗ ಇರುವೆ ಅದರ ಮೇಲೆ ಸಲೀಸಾಗಿ ಓಡಾಡುತ್ತದೆ, ತೇವ ತಾಗಿದಾಗ ಆ ಗೀರುಗಳಲ್ಲಿ ನೀರು ಹರಡಿ ತೆಳುಪೊರೆ ಕಟ್ಟಿ, ಇರುವೆಯ ಕಾಲು ಹಿಡಿತ ತಪ್ಪಿ ಒಳಗಿನ ರಸಕ್ಕೆ ಜಾರುತ್ತದೆ. ಮಂಜು ಕವಿಯುವ ಹೊತ್ತಿಗೆ ಅಲ್ಲಿದ್ದರೆ ಅಂಚು ಮಿರುಗತೊಡಗುವುದನ್ನು ನೋಡಿ. ಬೆಟ್ಟದ ಮೋಡಗಾಡುಗಳಲ್ಲಿ ನಡೆಯುವುದೂ ಇದೇ: ಕೆಳಗಿನಿಂದೇರಿದ ತೇವದ ಗಾಳಿ ತಣಿದು ಮೋಡವಾಗಿ ಮರಗಳ ನಡುವೆಯೇ ತೂರಿಹೋಗುವಾಗ, ಕೊಂಬೆಗಳ ಮೇಲಿನ ಹಾವಸೆ, ಜರೀಗಿಡ, ಸೀತಾಳೆಗಳು ಮಳೆ ಬಾರದಿದ್ದರೂ ಆ ಮಂಜಿನಿಂದಲೇ ನೀರು ಹಿಡಿಯುತ್ತವೆ. ಭೂಮಿ ಬಿಸಿಯಾದಂತೆ ಮೋಡ ಕಟ್ಟುವ ಎತ್ತರ ಮೇಲೆ ಸರಿದರೆ ನೆತ್ತಿಯ ಗಿಡಗಳಿಗೆ ಏರಿಹೋಗಲು ಬೆಟ್ಟವೇ ಉಳಿದಿರುವುದಿಲ್ಲ. ಕೆಳ ಅಂತಸ್ತಿನಲ್ಲಿ ಹವಾಮಾನ ಬದಲಾವಣೆಯ ಕುರಿತು ತೋರಿಸುವ ಚಿತ್ರವನ್ನು ಕಾಲು ಸೋತಿದೆಯೆಂದು ಬಿಟ್ಟುಬಿಡುವವರೇ ಹೆಚ್ಚು. ಮೇಲೆ ಗಿಡಗಳನ್ನು ಕಂಡ ಮೇಲೆ ಅದನ್ನು ಕುಳಿತು ನೋಡಲೇಬೇಕು. ಎಲ್ಲ ಸೇರಿ ಎರಡರಿಂದ ಎರಡೂವರೆ ಗಂಟೆ ಬೇಕು.

ಹೊರಬಂದಾಗ ಕನ್ನಡಕ ಮತ್ತು ಕ್ಯಾಮೆರಾದ ಗಾಜು ಆವಿಯಿಂದ ಮಬ್ಬಾಗುತ್ತದೆ. ಕ್ಯಾಮೆರಾವನ್ನು ಒಳಗಿರುವಾಗಲೇ ಚೀಲಕ್ಕೆ ಹಾಕಿ ಜಿಪ್ ಎಳೆದು, ಹೊರಗೆ ಬಂದು ಕಾಲು ಗಂಟೆ ಕಳೆದ ಮೇಲೆ ತೆಗೆಯಿರಿ.

ಏಳು ಗಂಟೆಗೆ ಕತ್ತಲು ಕವಿಯತೊಡಗುತ್ತದೆ. ಸೂಪರ್‌ಟ್ರೀ ಎಂದು ಕರೆಯುವ, 25ರಿಂದ 50 ಮೀಟರ್ ಎತ್ತರದ ಹದಿನೆಂಟು ಉಕ್ಕಿನ ಮರಗಳ ನಡುವೆ 7:45ಕ್ಕೆ ಮತ್ತು 8:45ಕ್ಕೆ ದೀಪ ಮತ್ತು ಸಂಗೀತದ ಉಚಿತ ಪ್ರದರ್ಶನವಿರುತ್ತದೆ. ಇವುಗಳನ್ನು ಬರಿಯ ಅಲಂಕಾರವೆಂದು ತಿಳಿಯಬೇಡಿ, ದಿನವಿಡೀ ನೋಡಿದ ಗಾಜಿನ ಮನೆಗಳಿಗೂ ಇವಕ್ಕೂ ನಂಟಿದೆ. ನಗರದ ಮರಗಳನ್ನು ಕತ್ತರಿಸಿದಾಗ ಸಿಗುವ ಕೊಂಬೆರೆಂಬೆಗಳನ್ನು ಉರಿಸಿ ವಿದ್ಯುತ್ ಮಾಡಿ, ಅದರಿಂದ ಗಾಜಿನ ಮನೆಗಳಿಗೆ ತಂಪು ಒದಗಿಸುತ್ತಾರೆ. ಉಳಿದ ಶಾಖ ಗಾಳಿಯ ತೇವ ಹೀರುವ ದ್ರವವನ್ನು ಮತ್ತೆ ಒಣಗಿಸಲು ಬಳಕೆಯಾಗುತ್ತದೆ. ತಣ್ಣೀರಿನ ಕೊಳವೆಗಳು ನೆಲದೊಳಗೇ ಹಾದುಹೋಗುವುದರಿಂದ ಜನ ಮತ್ತು ಗಿಡಗಳಿರುವ ಕೆಳಭಾಗವಷ್ಟೇ ತಣಿಯುತ್ತದೆ, ಬಿಸಿಗಾಳಿ ಮೇಲಕ್ಕೇರಿ ಹೊರಹೋಗುತ್ತದೆ. ಉಕ್ಕಿನ ಮರಗಳಲ್ಲಿ ಕೆಲವು ಆ ಒಲೆಯ ಹೊಗೆಕೊಳವೆಗಳು, ಇನ್ನು ಕೆಲವುಗಳ ತಲೆಯ ಮೇಲೆ ಸೌರಫಲಕಗಳಿವೆ.

7:45ರ ಪ್ರದರ್ಶನಕ್ಕೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ನಡುವಿನ ಜಾಗದಲ್ಲಿ ನೆಲದ ಮೇಲೆ ಕುಳಿತರೆ ತಲೆಯೆತ್ತಿ ನೋಡಲು ಕುತ್ತಿಗೆ ನೋಯುವುದಿಲ್ಲ. ಮಳೆಯ ಮೋಡ ಕಂಡರೆ ಮರಗಳ ನಡುವಿನ ಎತ್ತರದ ಸೇತುವೆಯ ಟಿಕೆಟ್ ಕೊಳ್ಳಬೇಡಿ, ಗುಡುಗು ಬಂದರೆ ಅದನ್ನು ಮುಚ್ಚುತ್ತಾರೆ. ಪ್ರದರ್ಶನ ಮುಗಿದ ಕೂಡಲೇ ಜನಪ್ರವಾಹ ಬೇಫ್ರಂಟ್ ನಿಲ್ದಾಣದ ಕಡೆಗೆ ಹರಿಯುತ್ತದೆ. ಹದಿನೈದು ನಿಮಿಷ ಅಲ್ಲಿಯೇ ಕುಳಿತಿದ್ದು, ಅಥವಾ ಗಾರ್ಡನ್ಸ್ ಬೈ ದ ಬೇ ಹೆಸರಿನದೇ ಆದ ಇನ್ನೊಂದು ಮೆಟ್ರೋ ನಿಲ್ದಾಣಕ್ಕೆ ನಡೆದು ರೈಲು ಹಿಡಿಯಿರಿ.