ಸಾಕಿದ ಬಾಲ್ ಪೈಥಾನ್ ಹಾವು ಇಲಿ ಮುಟ್ಟದಿದ್ದರೆ ಇಲಿಯ ತಲೆ ಬಿಸಿ ಮಾಡಿ ಕೊಡಿ

ಫ್ರೀಜರ್‌ನಿಂದ ತೆಗೆದ ಇಲಿ ಪೂರ್ತಿ ಕರಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಮುಳುಗಿಸಿ, ಕೊಡುವ ಮುನ್ನ ತಲೆಯ ಭಾಗವನ್ನು ಮಾತ್ರ ಇನ್ನೊಮ್ಮೆ ಬಿಸಿ ಮಾಡಿ. ತಲೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರಲಿ. ಮೈಕ್ರೋವೇವ್ ಮಾತ್ರ ಬೇಡ, ಹೊಟ್ಟೆ ಒಡೆದರೆ ಒರೆಸುವವರು ನೀವೇ. ಈ ಹಾವಿನ ತುಟಿಯಂಚಿನ ಸಣ್ಣ ಗುಳಿಗಳು ಶಾಖವನ್ನು ಗ್ರಹಿಸುತ್ತವೆ. ತಣ್ಣಗಿನ ಇಲಿ ಅದರ ಪಾಲಿಗೆ ಬೇಟೆಯೇ ಅಲ್ಲ. ಇಕ್ಕಳದಲ್ಲಿ ಬಾಲ ಹಿಡಿದು, ಮಬ್ಬು ಬೆಳಕಿನಲ್ಲಿ ಮೆಲ್ಲಗೆ ಅಲ್ಲಾಡಿಸಿ. ಕಣ್ಣು ನೀಲಿಗಟ್ಟಿ ಪೊರೆ ಬಿಡುವ ಸಮಯವಾದರೆ, ಹೊಸದಾಗಿ ಮನೆಗೆ ಬಂದಿದ್ದರೆ ಅಥವಾ ಗೂಡಿನ ಬೆಚ್ಚಗಿನ ಮೂಲೆಯೇ 31–32 ಡಿಗ್ರಿ ಮುಟ್ಟದಿದ್ದರೆ ಈ ಉಪಾಯ ನಡೆಯುವುದಿಲ್ಲ. ಬೆಳೆದ ಗಂಡು ಹಾವು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಮಾಡುವುದೂ ಸಹಜ. ಪ್ರತಿದಿನ ಇಲಿ ಹಿಡಿದು ಪೀಡಿಸಬೇಡಿ, ವಾರ ಬಿಟ್ಟು ನೋಡಿ. ದಿನ ಎಣಿಸುವುದಕ್ಕಿಂತ ತೂಕ ನೋಡುವುದು ಮೇಲು: ಹತ್ತನೇ ಒಂದು ಭಾಗ ಇಳಿದರೆ, ಬೆನ್ನುಮೂಳೆ ಎದ್ದು ಕಂಡರೆ, ಉಸಿರಿನಲ್ಲಿ ಗೊರಗೊರ ಸದ್ದು ಅಥವಾ ಬಾಯಲ್ಲಿ ಲೋಳೆ ಇದ್ದರೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ. ಮರಿಗಳಾದರೆ ಇಷ್ಟು ಕಾಯಬೇಡಿ.