ಅಜ್ಜಿ ಕಾಲದ ಬೆಳ್ಳಿ: ಉಜ್ಜುವ ಮೊದಲು ತಿರುಗಿಸಿ ನೋಡಿ

ಶ್ರಾವಣ ಹತ್ತಿರ ಬಂತು ಅಂದರೆ ಮೈಸೂರಿನ ಮನೆಗಳಲ್ಲಿ ಬೆಳ್ಳಿ ಬೀರುವಿನಿಂದ ಹೊರಗೆ ಬರುತ್ತದೆ. ವರಮಹಾಲಕ್ಷ್ಮಿಯ ಮುಖವಾಡ, ಕಲಶದ ಚೊಂಬು, ಪಂಚಪಾತ್ರೆ, ಉದ್ಧರಣೆ, ಪನ್ನೀರುದಾನಿ, ಕುಂಕುಮದ ಭರಣಿ, ಮನೆಯ ಮಕ್ಕಳೆಲ್ಲ ಹಾಲು ಕುಡಿದ ಒಳಲೆ. ತೆಗೆದ ಕೂಡಲೇ ಹಲ್ಲುಪುಡಿ ಹಾಕಿ ಗಸಗಸ ಉಜ್ಜಲು ಕೂರುತ್ತಾರೆ. ಇಲ್ಲವೇ ಕಪ್ಪಾಗಿದೆ, ನೆಗ್ಗಿದೆ, ಈಗ ಯಾರು ಬಳಸುತ್ತಾರೆ ಅಂತ ಗಂಟು ಕಟ್ಟಿಕೊಂಡು ಅಶೋಕ ರಸ್ತೆಗೆ ಹೋಗಿ ಹೊಸದಕ್ಕೆ ಬದಲಾಯಿಸಿ ಬರುತ್ತಾರೆ. ಎರಡೂ ಅವಸರದ ಕೆಲಸ. ಮೊದಲು ಪಾತ್ರೆಯನ್ನು ತಲೆಕೆಳಗು ಮಾಡಿ, ತಳದಲ್ಲಿ ಏನಿದೆ ಅಂತ ಓದಿ. ಉಜ್ಜಿ ಅಳಿಸಿದ ಗುರುತು ಮತ್ತೆ ಬರುವುದಿಲ್ಲ, ಕರಗಿಸಿದ ಪಾತ್ರೆಯಂತೂ ಹೋಯಿತು.

ಗುರುತು ಎಲ್ಲಿರುತ್ತದೆ? ಚೊಂಬು, ಲೋಟಗಳಲ್ಲಿ ತಳದ ಹೊರಮೈ ಅಥವಾ ಕಂಠದ ಅಂಚು. ತಟ್ಟೆಯಲ್ಲಿ ಹಿಂಬದಿ. ಚಮಚದಲ್ಲಿ ಹಿಡಿಯ ಹಿಂದೆ. ಮುಚ್ಚಳ ಇರುವ ಡಬ್ಬಿಯಾದರೆ ಮುಚ್ಚಳದ ಒಳಗೂ ನೋಡಿ, ಎರಡೂ ಕಡೆ ಒಂದೇ ಮುದ್ರೆ ಇದ್ದರೆ ಜೋಡಿ ಮೂಲದ್ದೇ ಅಂತ ನಂಬಬಹುದು. ಮೊಬೈಲ್ ಟಾರ್ಚನ್ನು ನೇರ ಮೇಲಿನಿಂದ ಹಿಡಿಯಬೇಡಿ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಪಕ್ಕದಿಂದ, ಪಾತ್ರೆಯ ಮೈಗೆ ತಾಗುವ ಹಾಗೆ ಹಿಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಅದೂ ಆಗದಿದ್ದರೆ ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್‌ನಿಂದ ಹಗುರವಾಗಿ ಉಜ್ಜಿ. ಕಾಗದದ ಮೇಲೆ ಅಚ್ಚು ಮೂಡುತ್ತದೆ.

ನಮ್ಮ ಕಡೆಯ ಹಳೆ ಪಾತ್ರೆಗಳಲ್ಲಿ ಹೆಚ್ಚಾಗಿ ಸಿಗುವುದು ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಹೆಸರು. ಕೊಟ್ಟವರದೋ, ಮನೆ ಯಜಮಾನರದೋ ಇರುತ್ತದೆ. ಪಕ್ಕದಲ್ಲಿ ಒಂದು ಅಂಕಿ ಇದ್ದರೆ ಅದು ಬಹುಪಾಲು ತೂಕ, ಅದೂ ತೊಲದ ಲೆಕ್ಕ. ಒಂದು ತೊಲ ಅಂದರೆ 11.66 ಗ್ರಾಂ. ಚೊಂಬಿನ ತಳದಲ್ಲಿ 42 ಅಂತ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 490 ಗ್ರಾಂ ಬರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ನೋಡಿ. ಅದರ ಆಸುಪಾಸಿಗೆ ಬಂದರೆ ಅಂಕಿ ತೂಕದ್ದೇ. ನಾಲ್ಕಾರು ಗ್ರಾಂ ಕಮ್ಮಿ ಬಂದರೆ ಆಶ್ಚರ್ಯ ಬೇಡ, ತಲೆಮಾರುಗಳು ಉಜ್ಜಿ ಉಜ್ಜಿ ಚರಂಡಿಗೆ ಬಿಟ್ಟ ಬೆಳ್ಳಿ ಅದು.

ತೊಲದ ಲೆಕ್ಕಕ್ಕೂ ರೂಪಾಯಿಗೂ ನಂಟಿದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಮನೆಯವರು ರೂಪಾಯಿಗಳನ್ನೇ ಎಣಿಸಿ ಕೊಟ್ಟು, ಅಕ್ಕಸಾಲಿಗರು ಅದನ್ನೇ ಕರಗಿಸಿ ಪಾತ್ರೆ ಮಾಡಿಕೊಡುವುದು ಮಾಮೂಲಾಗಿತ್ತು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಅದಕ್ಕೂ ಮುಂಚಿನ ರೂಪಾಯಿ ಕರಗಿಸಿ ಮಾಡಿದ ಚೊಂಬಿನ ಬೆಳ್ಳಿ ಈಗಿನ 80 ಟಚ್, ಅಂದರೆ ನೂರಕ್ಕೆ 80 ಭಾಗ ಬೆಳ್ಳಿ ಇರುವ ಮಾಲಿಗಿಂತ ಎಷ್ಟೋ ಮೇಲು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಲೇಬೇಕು. ಗುರುತು ಇಲ್ಲ ಅಂದ ಮಾತ್ರಕ್ಕೆ ಬೆಳ್ಳಿ ಅಲ್ಲ ಅಂತಲ್ಲ. ನಮ್ಮ ಅಕ್ಕಸಾಲಿಗರಿಗೆ ಠಸ್ಸೆ ಹೊಡೆಯುವ ಕಟ್ಟುಪಾಡೇ ಇರಲಿಲ್ಲ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಹಾಕಿಸುವ ಬೆಳ್ಳಿ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಶುರುವಾದದ್ದೇ 2005ರಲ್ಲಿ. ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಬಂದದ್ದು 2025ರ ಸೆಪ್ಟೆಂಬರ್‌ನಿಂದ, ಅದೂ ಕಡ್ಡಾಯವಲ್ಲ. ಹಾಗಿರುವಾಗ ಮುತ್ತಜ್ಜಿಯ ಆರತಿ ತಟ್ಟೆಯಲ್ಲಿ ಹಾಲ್‌ಮಾರ್ಕ್ ಎಲ್ಲಿಂದ ಬರಬೇಕು? ‘ಹಾಲ್‌ಮಾರ್ಕ್ ಇಲ್ಲ, ಅರ್ಧ ಕಳೆಯುತ್ತೇವೆ’ ಅಂತ ಯಾರಾದರೂ ಹೇಳಿದರೆ ಪಾತ್ರೆ ವಾಪಸ್ ಕೈಗೆ ತೆಗೆದುಕೊಳ್ಳಿ. ಶುದ್ಧತೆ ಅಳೆಯುವ ಯಂತ್ರ ಈಗ ದೊಡ್ಡ ಅಂಗಡಿಗಳಲ್ಲಿ ಇದೆ. ಅರದಿಂದ ಉಜ್ಜದೆ, ಆಸಿಡ್ ಹಾಕದೆ, ಎದುರಿಗೇ ಯಂತ್ರದಲ್ಲಿ ತೋರಿಸಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ಇಂಗ್ಲಿಷ್ ಅಕ್ಷರದ ಮುದ್ರೆ ಇದ್ದರೆ ಇನ್ನೂ ನಿಧಾನವಾಗಿ ನೋಡಿ. ಅರಮನೆಯ ಕೆಲಸದಲ್ಲಿದ್ದವರ ಮನೆಗಳಲ್ಲಿ, ಹಳೆ ದಿವಾನರು, ವಕೀಲರು, ಡಾಕ್ಟರುಗಳ ಮನೆಗಳಲ್ಲಿ ಇಂಥವು ಸಿಗುತ್ತವೆ. ಮದ್ರಾಸಿನ ಮೌಂಟ್ ರಸ್ತೆಯ ಪಿ. ಓರ್ ಅಂಡ್ ಸನ್ಸ್ ಹೆಸರು ಇದ್ದರೆ ಅದು ದಕ್ಷಿಣದ ದೊಡ್ಡ ಹೆಸರು. ಸುತ್ತಲೂ ದೇವತೆಗಳ ಉಬ್ಬುಚಿತ್ರ ಇರುವ ಟೀ ಸೆಟ್ಟು, ಬಟ್ಟಲುಗಳನ್ನು ಸ್ವಾಮಿ ಕೆಲಸ ಅಂತ ಕರೆಯುತ್ತಾರೆ, ಅದಕ್ಕೆ ಈ ಅಂಗಡಿ ಹೆಸರುವಾಸಿ. ಕಲ್ಕತ್ತದ ಹ್ಯಾಮಿಲ್ಟನ್ ಕಂಪನಿಯ ಮುದ್ರೆಯ ಜೊತೆ ಪುಟ್ಟ ಆನೆ ಕಾಣುವುದುಂಟು. ಮೈತುಂಬ ಎಲೆಬಳ್ಳಿ ಹೂವಿನ ಕೆತ್ತನೆ ಇದ್ದು, ತಳದಲ್ಲಿ ಓ, ಎಂ ಅಂತ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಓಂಕಾರ ಅಂತ ಕೈಮುಗಿದು ಸುಮ್ನೆ ಇಟ್ಟುಬಿಡಬೇಡಿ. ಅದು ಗುಜರಾತಿನ ಕಚ್‌ನ ಭುಜ್ ಊರಿನ ಊಮರ್ಸಿ ಮಾವಜಿಯ ಮುದ್ರೆ ಇರಬಹುದು. ಕಚ್‌ನ ಮಹಾರಾವ್ ಅವರ ಆಸ್ಥಾನದ ಬೆಳ್ಳಿ ಕೆಲಸಗಾರ ಆತ. ಆ ಕೆಲಸಕ್ಕೆ ತೂಕದ ಹತ್ತಾರು ಪಟ್ಟು ಬೆಲೆ ಕೊಡುವವರಿದ್ದಾರೆ, ತೂಕಕ್ಕೆ ಹಾಕಿದರೆ ಬೆಳ್ಳಿಯ ಬೆಲೆ ಮಾತ್ರ.

ಬ್ರಿಟನ್ನಿನಲ್ಲೇ ಮಾಡಿದ್ದಾದರೆ ಸಾಲಾಗಿ ನಾಲ್ಕೈದು ಪುಟ್ಟ ಠಸ್ಸೆ ಇರುತ್ತವೆ. ಒಂದು ಕಾಲೆತ್ತಿ ನಡೆಯುವ ಸಿಂಹ ಇದ್ದರೆ ಸಾವಿರಕ್ಕೆ 925 ಭಾಗ ಬೆಳ್ಳಿ. ಊರಿನ ಗುರುತು ಬೇರೆ: ಚಿರತೆ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕೋಟೆ ಎಡಿನ್‌ಬರೋ, ಕಿರೀಟ ಶೆಫೀಲ್ಡ್. ಶೆಫೀಲ್ಡಿನವರು 1975ರಿಂದ ಕಿರೀಟ ಬಿಟ್ಟು ಗುಲಾಬಿ ಹಾಕುತ್ತಾರೆ. ಒಂಟಿ ಅಕ್ಷರ ಇದ್ದರೆ ಅದು ವರ್ಷ. ಅಕ್ಷರದ ಬರವಣಿಗೆ ಮತ್ತು ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಆ ಊರಿನ ವರ್ಷದ ಅಕ್ಷರಗಳ ಪಟ್ಟಿಯ ಜೊತೆ ಹೋಲಿಸಿದರೆ ಯಾವ ವರ್ಷ ಅಂತ ನಿಖರವಾಗಿ ತಿಳಿಯುತ್ತದೆ. ಇವುಗಳ ಪಕ್ಕದಲ್ಲೇ ರಾಜನದೋ ರಾಣಿಯದೋ ತಲೆ ಇದ್ದರೆ ಅದು ತೆರಿಗೆ ಕಟ್ಟಿದ ಗುರುತು, 1784ರಿಂದ 1890ರವರೆಗೆ ಹಾಕುತ್ತಿದ್ದರು. ಉಳಿದ ಎರಡು ಮೂರು ಅಕ್ಷರ ಮಾಡಿದವರ ಹೆಸರಿನದು.

ಮೋಸ ಹೋಗುವುದು ಇಲ್ಲೇ. ಇ.ಪಿ.ಎನ್.ಎಸ್. ಅಂತ ನಾಲ್ಕು ಅಕ್ಷರವನ್ನು ಬೇರೆ ಬೇರೆ ಚೌಕದೊಳಗೆ ಹೊಡೆದಿರುತ್ತಾರೆ, ಪಕ್ಕದಲ್ಲಿ ಎ1 ಅಂತಲೂ ಇರುತ್ತದೆ. ನೋಡಿದರೆ ಥೇಟ್ ಹಾಲ್‌ಮಾರ್ಕ್. ಆದರೆ ಅದು ತಾಮ್ರ, ನಿಕ್ಕಲ್, ಸತು ಸೇರಿದ ಲೋಹಕ್ಕೆ ಬೆಳ್ಳಿ ನೀರು ಕೊಟ್ಟದ್ದು. ಶೆಫೀಲ್ಡ್ ಅಂತ ಊರ ಹೆಸರನ್ನು ಪೂರ್ತಿ ಬರೆದಿದ್ದರೂ ಅಷ್ಟೇ, ಸಿಂಹ ಇಲ್ಲದಿದ್ದರೆ ನಂಬಬೇಡಿ. ಒಳಗಿನ ಆ ಲೋಹವನ್ನೇ ನಾವು ಜರ್ಮನ್ ಸಿಲ್ವರ್ ಅನ್ನುವುದು, ಅದರಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ಹಾಗಂತ ಇ.ಪಿ.ಎನ್.ಎಸ್. ಟೀ ಸೆಟ್ಟನ್ನು ಎಸೆಯಬೇಡಿ, ಚೆನ್ನಾಗಿ ಮಾಡಿದ ಹಳೆ ಸೆಟ್ಟು ಅದರದೇ ರೀತಿಯಲ್ಲಿ ಚೆಂದ. ಉಜ್ಜುವಾಗ ಮಾತ್ರ ಇನ್ನೂ ಮೃದುವಾಗಿರಿ, ನೀರು ಹೋಗಿ ಅಂಚಿನಲ್ಲಿ ಹಳದಿ ಕಾಣಿಸುತ್ತದೆ.

ಅನುಮಾನ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು, ಪಾತ್ರೆಗೆ ಒಂದು ಗೀರೂ ಬೀಳುವುದಿಲ್ಲ. ಲೋಟದ ತೂಕ ನೋಡಿ ಬರೆದುಕೊಳ್ಳಿ, 210 ಗ್ರಾಂ ಅಂತಿಟ್ಟುಕೊಳ್ಳಿ. ಈಗ ತಕ್ಕಡಿಯ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಲೋಟವನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ತಳಕ್ಕೆ, ಅಂಚಿಗೆ ತಾಗಬಾರದು, ಒಳಗೆ ಗಾಳಿಗುಳ್ಳೆ ಇರಬಾರದು. ಆಗ ತಕ್ಕಡಿ ತೋರಿಸುವ ಗ್ರಾಂನಿಂದ ಮೊದಲ ತೂಕವನ್ನು ಭಾಗಿಸಿ. 20 ತೋರಿಸಿದರೆ 10.5, ಅದು ಶುದ್ಧ ಬೆಳ್ಳಿಯ ಲೆಕ್ಕ. 20.4ರ ಹತ್ತಿರ ಇದ್ದರೆ 10.3, ಅದು 925ರ ಬೆಳ್ಳಿ. 24ಕ್ಕೂ ಮೇಲೆ ಹೋದರೆ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್. ಗ್ರಾಂನ ಹತ್ತನೇ ಭಾಗ ತೋರಿಸುವ ತಕ್ಕಡಿಯಾದರೆ ಒಳ್ಳೆಯದು. ದೀಪದ ಕಂಬ, ಹಿಡಿ ಇರುವ ಸಾಮಾನುಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅವುಗಳ ಒಳಗೆ ಅರಗು ತುಂಬಿರುತ್ತಾರೆ. ಅರಗು ಇರುವುದನ್ನು ಬಿಸಿನೀರಿಗೂ ಹಾಕಬೇಡಿ.

ಇನ್ನು ಆರೈಕೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿ, ಹೊಗೆಯಲ್ಲಿ, ಮೊಟ್ಟೆ, ಈರುಳ್ಳಿ, ಇಂಗಿನಲ್ಲಿ, ಬೆಂಕಿಕಡ್ಡಿ, ಪಟಾಕಿಯಲ್ಲಿ, ಉಣ್ಣೆ ಬಟ್ಟೆಯಲ್ಲಿ, ರಬ್ಬರಿನಲ್ಲಿ ಎಲ್ಲಾ ಕಡೆ ಗಂಧಕ ಇದೆ. ರಬ್ಬರ್ ಬ್ಯಾಂಡ್ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಲಕ್ಷ್ಮಿಯ ಮುಖವಾಡವನ್ನು ತೆಂಗಿನಕಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಾರೆ, ಹಬ್ಬ ಮುಗಿದ ಮೇಲೆ ಹಾಗೇ ಸುತ್ತಿ ಒಳಗಿಡುತ್ತಾರೆ. ಮುಂದಿನ ವರ್ಷ ತೆಗೆದರೆ ಕೆನ್ನೆಯ ಮೇಲೆ ಅಡ್ಡಕ್ಕೆ ಕಪ್ಪು ಗೆರೆ. ಆ ಗೆರೆ ಬೆಳ್ಳಿಯನ್ನು ತಿಂದು ಇಳಿದಿದ್ದರೆ ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ. ಹತ್ತಿಯ ದಾರದಲ್ಲೇ ಕಟ್ಟಿ. ಮುಖವಾಡ ತೆಳು ತಗಡು, ಒರೆಸುವಾಗ ಹಿಂದಿನಿಂದ ಬೆರಳು ಆನಿಸಿ ಹಿಡಿಯಿರಿ, ಇಡುವಾಗ ಒಳಗೆ ಹತ್ತಿ ತುಂಬಿ. ಇಲ್ಲದಿದ್ದರೆ ಮೂಗು ನೆಗ್ಗುತ್ತದೆ.

ಉಪ್ಪು ಇನ್ನೊಂದು ಶತ್ರು. ಗಂಧಕ ಹೆಚ್ಚಾಗಿ ಕಪ್ಪು ಮಾಡುತ್ತದೆ, ಉಪ್ಪು ಗುಳಿ ಬೀಳಿಸುತ್ತದೆ. ಬೆಳ್ಳಿ ತಟ್ಟೆಯಲ್ಲಿ ಊಟ ಮಾಡಿದರೆ ಉಪ್ಪು, ಉಪ್ಪಿನಕಾಯಿ, ಮೊಸರನ್ನದ ತಟ್ಟೆ ಒಣಗಲು ಬಿಡದೆ ಆಗಲೇ ತೊಳೆಯಿರಿ. ಒದ್ದೆ ಹೂವು, ಅರಿಶಿನ ಕುಂಕುಮವೂ ರಾತ್ರಿಯಿಡೀ ಅಂಟಿಕೊಂಡಿರುವುದು ಬೇಡ.

ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು, ಅಂಟುವಾಳದ ನೊರೆ ಅಥವಾ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ದೀಪದ ಎಣ್ಣೆ ಜಿಡ್ಡೂ ಹೋಗುತ್ತದೆ. ಬಹುಪಾಲು ಪಾತ್ರೆಗೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ. ತೊಳೆದ ಕೂಡಲೇ ಹಳೆ ಪಂಚೆ ಬಟ್ಟೆಯಲ್ಲಿ ಒತ್ತಿ ಒರೆಸಿ, ನೆರಳಿನಲ್ಲಿ ಆರಲು ಬಿಡಿ. ಕಪ್ಪು ಹೋಗಲೇಬೇಕು ಅಂದರೆ ಜರಡಿ ಹಿಡಿದ ನುಣುಪು ವಿಭೂತಿಯನ್ನು ನೀರಿನಲ್ಲಿ ಕಲಸಿ, ಹತ್ತಿಯಿಂದ, ಭಾರ ಹಾಕದೆ, ಹಿಂದೆ ಮುಂದೆ ಒರೆಸಿ. ಅಮ್ಮಂದಿರು ಮಾಡುತ್ತಿದ್ದದ್ದು ಇದೇ. ಆದರೆ ಹೆಸರು, ಠಸ್ಸೆ ಇರುವ ಜಾಗವನ್ನು ಬಿಟ್ಟುಬಿಡಿ. ಟೂತ್‌ಪೇಸ್ಟ್, ಹಲ್ಲುಪುಡಿ, ಹುಣಸೆಹಣ್ಣು, ಸ್ಟೀಲ್ ನಾರು ಹತ್ತಿರವೂ ಬರಬಾರದು. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಇರಲಿ. ಅದ್ದಿ ತೆಗೆದರೆ ಬಿಳುಪಾಗುವ ಬಾಟಲಿ ದ್ರವಗಳನ್ನೂ ಹಳೆ ಸಾಮಾನಿಗೆ ಬಳಸಬೇಡಿ, ಅದರಲ್ಲಿ ಆಮ್ಲ ಇರುತ್ತದೆ.

ಈಗ ಎಲ್ಲರೂ ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಹೇಳುತ್ತಾರೆ. ಅದು ಸುಳ್ಳಲ್ಲ. ಬೆಳ್ಳಿಗೆ ಅಂಟಿದ ಗಂಧಕವನ್ನು ಅಲ್ಯೂಮಿನಿಯಂ ಬಿಡಿಸುತ್ತದೆ, ಬೆಳ್ಳಿ ಪಾತ್ರೆಯಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಗಂಧಕ ಹೊರಗೆ ಹೋಗುವ ವಾಸನೆ ಅದು. ನಯವಾದ ಲೋಟ, ತಟ್ಟೆಗೆ ಮಾಡಬಹುದು. ಕೆತ್ತನೆ ಇರುವುದಕ್ಕೆ ಮಾತ್ರ ಬೇಡವೇ ಬೇಡ. ನವಿಲಿನ ಗರಿ, ದೇವಿಯ ಕಣ್ಣು, ಬಳ್ಳಿಯ ಸಂದು ಎದ್ದು ಕಾಣುವುದೇ ಆಳದಲ್ಲಿ ಕುಳಿತ ಆ ಕಪ್ಪಿನಿಂದ. ಅದನ್ನೂ ತೆಗೆದರೆ ಕೆತ್ತನೆ ಸಪ್ಪೆಯಾಗುತ್ತದೆ. ಕಲ್ಲು ಕೂರಿಸಿದ್ದು, ಚಿನ್ನದ ನೀರು ಕೊಟ್ಟದ್ದು, ಅರಗು ತುಂಬಿದ್ದು ಇವಕ್ಕೂ ಸಲ್ಲದು.

ಎತ್ತಿಡುವಾಗ ನ್ಯೂಸ್‌ಪೇಪರ್‌ನಲ್ಲಿ ಸುತ್ತಬೇಡಿ, ನುಸಿಗುಳಿಗೆ ಜೊತೆ ಇಡಬೇಡಿ. ಗಂಜಿ ಇಲ್ಲದ, ಚೆನ್ನಾಗಿ ಒಗೆದ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ, ಆಮೇಲೆ ಜಿಪ್ ಕವರಿನಲ್ಲಿಟ್ಟು ತೇವ ಹೀರುವ ಸಿಲಿಕಾ ಪುಡಿಕೆ ಹಾಕಿ. ಬ್ಯಾಂಕ್ ಲಾಕರಿನಲ್ಲೂ ಹೀಗೇ ಇಡಿ. ದಿನಾ ಪೂಜೆಗೆ ಬಳಸುವ ಪಂಚಪಾತ್ರೆ ಇಷ್ಟೆಲ್ಲಾ ಕೇಳುವುದಿಲ್ಲ, ಕೈಯಾಡುತ್ತಿದ್ದರೆ ಅದೇ ಹೊಳೆಯುತ್ತಿರುತ್ತದೆ.

ರಿಪೇರಿಗೆ ಕೊಡುವಾಗ ಎರಡು ಮಾತು ಹೇಳಿ ಕೊಡಿ. ಸೀಸದ ಬೆಸುಗೆ ಬೇಡ, ಬೆಳ್ಳಿ ಬೆಸುಗೆಯೇ ಹಾಕಿ ಅಂತ. ಸೀಸ ಕಾದಾಗ ಬೆಳ್ಳಿಯನ್ನು ತಿನ್ನುತ್ತದೆ. ಮತ್ತೆ, ತಿರುಗುವ ಚಕ್ರದ ಮೇಲೆ ಪಾಲಿಶ್ ಬೇಡ ಅಂತ. ಒಂದು ನಿಮಿಷದ ಹೊಳಪಿಗೆ ಅಜ್ಜಿಯ ಹೆಸರೇ ಮಾಸಿಹೋಗುತ್ತದೆ. ನೆಗ್ಗಿದ್ದನ್ನು ಕೈಯಿಂದಲೇ ಎತ್ತುವ ಹಳೆ ಅಕ್ಕಸಾಲಿಗರು ಮೈಸೂರಿನಲ್ಲೂ ಮಂಡ್ಯದಲ್ಲೂ ಇದ್ದಾರೆ, ಹುಡುಕಿಕೊಂಡು ಹೋಗಿ. ಕೆಲಸಕ್ಕೆ ತಕ್ಕ ಕೂಲಿ ಕೊಡಿ, ಚೌಕಾಶಿ ಮಾಡಬೇಡಿ.

ಮಕ್ಕಳು ಅಮೆರಿಕದಲ್ಲೋ ಲಂಡನ್‌ನಲ್ಲೋ ಇದ್ದು, ಹೋಗುವಾಗ ಹಳೆ ಬೆಳ್ಳಿ ತೆಗೆದುಕೊಂಡು ಹೋಗುತ್ತೇವೆ ಅಂದರೆ ಇದು ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಷ್ಟು ಹಳೆಯದಲ್ಲ ಅಂತಾದರೆ ಪುರಾತತ್ವ ಇಲಾಖೆಯಿಂದ ಪುರಾತನ ವಸ್ತುವಲ್ಲ ಅನ್ನುವ ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಅದಕ್ಕೆ ಪ್ರತಿ ಸಾಮಾನಿನ ಎದುರು, ಹಿಂದೆ, ತಳದ ಮುದ್ರೆ ಮೂರರ ಫೋಟೋ ತೆಗೆದಿಡಿ. ತೂಕ, ಯಾರದು, ಯಾವ ಮದುವೆ ಅಥವಾ ನಾಮಕರಣಕ್ಕೆ ಬಂದದ್ದು ಅನ್ನುವುದನ್ನು ಚೀಟಿಯಲ್ಲಿ ಬರೆದು, ಬಟ್ಟೆ ಸುತ್ತಿದ ಮೇಲೆ ಹೊರಗಿನ ಕವರಿಗೆ ಹಾಕಿ. ಬೆಳ್ಳಿಗೆ ನೇರವಾಗಿ ಕಾಗದ ತಾಗುವುದು ಬೇಡ. ಮನೆಯಲ್ಲಿ ಹಿರಿಯರು ಇದ್ದರೆ ಈ ಹಬ್ಬಕ್ಕೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿಕೊಳ್ಳಿ.