ತಳ್ಳೋದು ಬಿಟ್ಟೆ, ಎಳೆಯೋದು ಹಿಡಿದೆ: ಹುಬ್ಬಳ್ಳಿ ಸುತ್ತಿನ ಸರ್ವರ್‌ಗಳಲ್ಲಿ ಆನ್ಸಿಬಲ್-ಪುಲ್

"ಆನ್ಸಿಬಲ್-ಪುಲ್ ನಿನ್ನ ಲ್ಯಾಪ್‌ಟಾಪಿಗೆ ಸರಿ, ಗಿರಾಕಿ ಸರ್ವರಿಗೆ ಹಾಕಬೇಡ" ಅಂತ ನನಗೆ ಹೇಳದವರೇ ಇಲ್ಲ. ಆನ್ಸಿಬಲ್ ಅಂದರೆ ಪ್ಲೇಬುಕ್ ಅನ್ನೋ ಕೆಲಸದ ಪಟ್ಟಿ ಓದಿ ಸರ್ವರ್‌ಗಳ ಸೆಟಪ್ ಮಾಡುವ ಸಾಫ್ಟ್‌ವೇರು. ಪುಲ್ ಅಂದರೆ ಆಫೀಸಿನಿಂದ ತಳ್ಳದೆ, ಪ್ರತಿ ಮಷೀನೂ ಆ ಪಟ್ಟಿಯನ್ನು ತಾನೇ ಎಳೆದುಕೊಂಡು ಓಡಿಸೋದು. ಬೇಡ ಅಂತ ಬೆಂಗಳೂರಿನ ಗೆಳೆಯರು ಹೇಳಿದರು. ಇಲ್ಲೇ ಗೋಕುಲ ರೋಡಿನಲ್ಲಿ ನನ್ನಂತೆ ಗಿರಾಕಿಗಳ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುವವರೂ ಹೇಳಿದರು. ಈಗ ಬ್ಯಾಡಗಿಯ ಒಂದು ಮೆಣಸಿನಕಾಯಿ ಸೀಸನ್ ಪೂರ್ತಿ ದಾಟಿದೆ. ನಲವತ್ತರ ಆಸುಪಾಸು ಮಷೀನು ಅದರ ಮೇಲೆಯೇ ನಡೆದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಿರಾಕಿಗಳು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಬ್ಯಾಡಗಿಯ ದಲಾಲಿ ಅಂಗಡಿಗಳು, ಕೋಲ್ಡ್ ಸ್ಟೋರೇಜುಗಳು, ಗದಗ ಕಡೆಯ ಹತ್ತಿ ಜಿನ್ನಿಂಗ್ ಮಿಲ್ಲು, ರೋಣ, ಮುಂಡರಗಿ, ಶಿಗ್ಗಾಂವಿಯ ಪತ್ತಿನ ಸೊಸೈಟಿಗಳು. ಎಲ್ಲ ಕಡೆ ಒಂದೊಂದು ಟವರ್ ಸರ್ವರ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಬಿಲ್ಲಿಂಗ್. ಲೈನು ಅಂದರೆ 4ಜಿ ರೌಟರ್. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆಫ್. ಡೇಟಾ ಸೆಂಟರ್ ನೋಡಿ ಬರೆದ ಪಾಠ ಇಲ್ಲಿ ನಡೆಯಲ್ಲ.

ಮೊದಲು ಹಾಕಿದ್ದು ಪಪೆಟ್, ಅದೂ ಸರ್ವರ್‌ಗಳ ಸೆಟಪ್ ನೋಡಿಕೊಳ್ಳುವ ಸಾಫ್ಟ್‌ವೇರೇ. ಪ್ರತಿ ಮಷೀನಿನಲ್ಲಿ ಕೂತ ಅದರ ಏಜೆಂಟ್ ತಾನೇ ಅರ್ಧ ಗಂಟೆಗೊಮ್ಮೆ ಬಂದು ಕೇಳುತ್ತದಲ್ಲ, ನಮ್ಮಂಥ ಲೈನಿಗೆ ಅದೇ ಸರಿ ಅಂದುಕೊಂಡೆ. ಪಪೆಟ್ ಸರ್ವರ್ ಜಾವಾ ಮೇಲೆ ಓಡುತ್ತದೆ, ಹೀಪ್ (ಜಾವಾ ತನಗೆ ಮೀಸಲಿಡುವ ಮೆಮೊರಿ) ಒಂದೇ 2 ಜಿಬಿ ಕೇಳುತ್ತದೆ. ನನ್ನ ಬಾಡಿಗೆ ಕ್ಲೌಡ್ ಮಷೀನಿನ ಒಟ್ಟು ರ್‍ಯಾಮೇ 2 ಜಿಬಿ. ಹೀಪ್ ಇಳಿಸಿ ನೋಡಿದೆ, ಬೆಳಿಗ್ಗೆ ಹತ್ತಕ್ಕೆ ಎಲ್ಲ ಅಂಗಡಿ ಬಾಗಿಲು ತೆಗೆದ ಕೂಡಲೇ ಮಲಗುತ್ತಿತ್ತು. ದೊಡ್ಡ ಮಷೀನಿಗೆ ಹೋದರೆ ತಿಂಗಳಿಗೆ ಸಾವಿರದ ಮೇಲೆ ಜಾಸ್ತಿ. ಆ ದುಡ್ಡು ಯಾವ ಸಾಹುಕಾರರೂ ಕೊಡಲ್ಲ.

ಆದರೆ ಪಪೆಟ್ ಬಿಡಿಸಿದ್ದು ರ್‍ಯಾಮ್ ಅಲ್ಲ, ಗಡಿಯಾರ. ಮದರ್‌ಬೋರ್ಡಿನ ಸೀಮಾಸ್ ಬ್ಯಾಟರಿ ಸತ್ತ ಮಷೀನು ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ಆಗ ಪಪೆಟ್ ಸರ್ವರಿನ ಗುರುತಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಏಜೆಂಟ್ ಬಾಯಿ ಮುಚ್ಚಿಕೊಂಡು ಕೂರುತ್ತದೆ. 4ಜಿ ಹತ್ತೋದಕ್ಕೆ ನಾಲ್ಕೈದು ನಿಮಿಷ. ಅಲ್ಲಿಯವರೆಗೆ ಗಡಿಯಾರ ಸರಿಮಾಡುವ ಕ್ರೋನಿಯಾದರೂ ಟೈಮ್ ಎಲ್ಲಿಂದ ತರಬೇಕು? ಒಂದು ಸಿಆರ್2032 ಬ್ಯಾಟರಿ ಕೊಪ್ಪಿಕರ ರೋಡಿನಲ್ಲಿ ನಲವತ್ತೈವತ್ತು ರೂಪಾಯಿ. ಅದನ್ನು ಹಾಕೋಕೆ ಮುಂಡರಗಿಗೆ ಹೋಗಿ ಬರೋ ಡೀಸೆಲ್ ಸಾವಿರಕ್ಕಿಂತ ಜಾಸ್ತಿ.

ಆಮೇಲೆ ಆನ್ಸಿಬಲ್, ಎಲ್ಲರಂತೆ ಆಫೀಸಿನಿಂದ ತಳ್ಳುವ ಪದ್ಧತಿ. 4ಜಿ ಹಿಂದೆ ಇರುವ ಮಷೀನನ್ನು ಹೊರಗಿಂದ ನೇರವಾಗಿ ಮುಟ್ಟೋಕಾಗಲ್ಲ, ಅದಕ್ಕೆ ಎಲ್ಲ ಕಡೆ ವೈರ್‌ಗಾರ್ಡ್ ವಿಪಿಎನ್, ದಾರಿ ಮುಚ್ಚದಂತೆ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್. ಎಸ್‌ಎಸ್‌ಎಚ್ ಓಡಾಟ ಕಮ್ಮಿ ಮಾಡುವ ಪೈಪ್‌ಲೈನಿಂಗ್ ಆನ್ ಮಾಡಿದೆ, ಫೋರ್ಕ್ಸ್ (ಒಟ್ಟಿಗೆ ಎಷ್ಟು ಮಷೀನು ಅನ್ನೋ ಲೆಕ್ಕ) 5ರಿಂದ 15ಕ್ಕೆ ಏರಿಸಿದೆ, ವೇಗ ಚೆನ್ನಾಗಿಯೇ ಬಂತು. ಹಳೆಯ ಸೆಂಟ್‌ಒಎಸ್ 7 ಮಷೀನುಗಳಲ್ಲಿ ಎಸ್‌ಇಲಿನಕ್ಸ್ ಅನ್ನೋ ಭದ್ರತಾ ವ್ಯವಸ್ಥೆಗೆ ಬೇಕಾದ ಪೈಥಾನ್ ಬೈಂಡಿಂಗ್ ಇಲ್ಲದೆ ಫೈಲ್ ಕಾಪಿ ಆಗಲ್ಲ ಅಂತ ತಕರಾರು ಬಂತು. ಅದು ನಿಮಗೂ ಗೊತ್ತಿರೋದೇ, ಒಂದು ಪ್ಯಾಕೇಜ್ ಹಾಕಿದರೆ ಮುಗಿಯಿತು.

ನಿಜವಾದ ತೊಂದರೆ ಬ್ಯಾಡಗಿಯಲ್ಲಿ. ಒಂದು ಅಂಗಡಿಗೆ ಹೊಸ ಕೌಂಟರ್ ಕಂಪ್ಯೂಟರ್ ಬಂದಿತ್ತು. ಪೋಸ್ಟ್‌ಗ್ರೆಸ್‌ನ ಅನುಮತಿ ಫೈಲಿಗೆ ಒಂದು ಸಾಲು ಸೇರಿಸಿ ರೀಲೋಡ್ ಮಾಡಬೇಕು, ಅಷ್ಟೇ ಕೆಲಸ. ಸಾಲು ಕೂತಿತು. ಅಷ್ಟರಲ್ಲಿ ಲೈನು ಹೋಯಿತು. ರೀಲೋಡ್ ಮಾಡಬೇಕಾದ ಹ್ಯಾಂಡ್ಲರ್ (ಏನಾದರೂ ಬದಲಾದರೆ ಮಾತ್ರ ಕೊನೆಗೆ ಓಡುವ ಕೆಲಸ) ಓಡಲೇ ಇಲ್ಲ. ಲೈನು ಬಂದ ಮೇಲೆ ಮತ್ತೆ ತಳ್ಳಿದೆ. ಫೈಲು ಆಗಲೇ ಸರಿಯಾಗಿದೆ, ಬದಲಾದದ್ದು ಏನೂ ಇಲ್ಲ, ಹಾಗಾಗಿ ಹ್ಯಾಂಡ್ಲರನ್ನು ಯಾರೂ ಕರೆಯಲಿಲ್ಲ. ನನ್ನ ಸ್ಕ್ರೀನ್ ಮೇಲೆ ಎಲ್ಲ ಹಸಿರು. ಅಲ್ಲಿಂದ ಫೋನು: "ಏನ್ರೀ ಸರ, ಕುಂತಲ್ಲೇ ಎಲ್ಲಾ ಮಾಡ್ತೀನಿ ಅಂದಿದ್ರಿ, ಇಲ್ಲಿ ಬಿಲ್ಲೇ ಬರವಲ್ದು!" ಅದು ಗುರುವಾರ, ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ದಿನ. ಬ್ಯಾಡಗಿ ಸೀಸನ್ನಿನಲ್ಲಿ ಸೋಮವಾರ, ಗುರುವಾರ ಸರ್ವರ್ ಮುಟ್ಟಬಾರದು ಅನ್ನೋದು ಈಗ ನನ್ನ ಪ್ಲೇಬುಕ್ಕಿನಲ್ಲೇ ಒಂದು ಕಂಡೀಷನ್ನು.

ಅವತ್ತು ರಾತ್ರಿಯೇ ದಾರಿ ಬದಲಿಸಿದೆ. ಪ್ಲೇಬುಕ್ ಆ ಮಷೀನಿನ ಒಳಗೇ ಓಡಿದರೆ, ಗಿಟ್‌ನಿಂದ (ಫೈಲುಗಳನ್ನು ಬದಲಾವಣೆಗಳ ಸಮೇತ ಇಡುವ ಸಂಗ್ರಹ, ಅಂದರೆ ರೆಪೊ) ಇಳಿದ ಮೇಲೆ ಲೈನು ಇದ್ದರೆಷ್ಟು, ಬಿಟ್ಟರೆಷ್ಟು? ಕಾನ್ಫಿಗ್ ಬದಲಾಗುತ್ತದೆ, ಹ್ಯಾಂಡ್ಲರ್ ಓಡುತ್ತದೆ, ಮುಗಿಯಿತು. ಮಧ್ಯೆ ಕರೆಂಟೇ ಹೋದರೂ ಚಿಂತೆ ಕಮ್ಮಿ, ಮತ್ತೆ ಬೂಟ್ ಆದಾಗ ಪೋಸ್ಟ್‌ಗ್ರೆಸ್ ಹೊಸ ಫೈಲನ್ನೇ ಓದಿಕೊಂಡು ಏಳುತ್ತದೆ. ಗಿಟ್ ಹೋಗೋದು ಎಸ್‌ಎಸ್‌ಎಚ್ ಕೀ ಮೇಲೆ, ಸರ್ಟಿಫಿಕೇಟ್ ಮೇಲೆ ಅಲ್ಲ. ಮಾಮೂಲಿ ಕೀಗೆ ತಾರೀಕಿನ ಹಂಗಿಲ್ಲ, ಆದ್ದರಿಂದ ಸತ್ತ ಬ್ಯಾಟರಿಯ ಮಷೀನೂ ರೆಪೊ ಎಳೆದುಕೊಳ್ಳುತ್ತದೆ. ಪ್ಯಾಕೇಜ್ ಇಳಿಸೋಕೆ ಮಾತ್ರ ಟೈಮ್ ಸರಿ ಇರಬೇಕು. ಅದಕ್ಕೆ ಮೊದಲ ಟಾಸ್ಕೇ ಕ್ರೋನಿ ಸಿಂಕ್ ಆಗುವವರೆಗೆ ಕಾಯೋದು.

ಹಾಕೋದೇನು ದೊಡ್ಡ ಕೆಲಸ ಅಲ್ಲ. ರಾಕಿ 8 ಲಿನಕ್ಸ್‌ನಲ್ಲಿ ಆನ್ಸಿಬಲ್-ಕೋರ್ (ಆನ್ಸಿಬಲ್‌ನ ಮೂಲ ಭಾಗ) ಅದರದ್ದೇ ಆಪ್‌ಸ್ಟ್ರೀಮ್ ಪ್ಯಾಕೇಜ್ ಸಂಗ್ರಹದಲ್ಲಿ ಇದೆ, ಜೊತೆಗೆ ಗಿಟ್. ಎಪೆಲ್ ಅನ್ನೋ ಹೆಚ್ಚುವರಿ ಸಂಗ್ರಹ ಕೂಡ ಬೇಕಾಗಿಲ್ಲ. ಹಾಕಿದ ಮೇಲೆ ಮೂರು ಕಡೆ ಸಿಕ್ಕಿಹಾಕಿಕೊಂಡೆ. ಒಂದು, ಕೋರ್ ಜೊತೆ ಫೈರ್‌ವಾಲ್ ಹೊಂದಿಸುವ ಫೈರ್‌ವಾಲ್‌ಡಿ ಮಾಡ್ಯೂಲು ಬರಲ್ಲ. ಪ್ರತಿ ಅಂಗಡಿಯಿಂದ ಗ್ಯಾಲಕ್ಸಿ ಅನ್ನೋ ಆನ್ಸಿಬಲ್ ತಾಣಕ್ಕೆ ಹೋಗಿ ಕಲೆಕ್ಷನ್ (ಮಾಡ್ಯೂಲುಗಳ ಕಟ್ಟು) ಇಳಿಸೋದು ಬೇಡ ಅಂತ ಬೇಕಾದ ಎರಡೇ ಕಲೆಕ್ಷನ್ನು ರೆಪೊ ಒಳಗೇ ಇಟ್ಟೆ.

ಎರಡನೆಯದು ಎರಡು ದಿನ ತಿಂದಿತು. ಪೋಸ್ಟ್‌ಗ್ರೆಸ್ ಟಾಸ್ಕು ಸೈಕಾಪ್‌ಜಿ2 (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಪೈಥಾನ್ ಲೈಬ್ರರಿ) ಇಲ್ಲ ಅನ್ನುತ್ತದೆ. ಪ್ಯಾಕೇಜ್ ಲೆಕ್ಕ ಇಡುವ ಆರ್‌ಪಿಎಂ ಕೇಳಿದರೆ ಇದೆ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆನ್ಸಿಬಲ್ ಓಡೋದು ಪೈಥಾನ್ 3.12 ಮೇಲೆ, ಪ್ಯಾಕೇಜು ಕೂತಿರೋದು ಸಿಸ್ಟಂನ 3.6ರಲ್ಲಿ. ಲೋಕಲ್‌ಹೋಸ್ಟ್, ಅಂದರೆ ಅದೇ ಮಷೀನಿನ ಮೇಲೆ ಓಡಿಸುವಾಗ ತಾನು ಓಡುವ ಪೈಥಾನನ್ನೇ ಅದು ಹಿಡಿಯುತ್ತದೆ. ಯಾವ ಪೈಥಾನ್ ಅಂತ ಹೇಳುವ ಇಂಟರ್‌ಪ್ರಿಟರ್ ಜಾಗದಲ್ಲಿ ಪ್ಲಾಟ್‌ಫಾರ್ಮ್-ಪೈಥಾನ್ (ಸಿಸ್ಟಂನ ಆ 3.6) ಅಂತ ಬರೆದೆ, ಸರಿಹೋಯಿತು. ಇನ್ನೊಂದು ಮಾತು: ಹೊಸದು ಬೇಕು ಅಂತ ಪೈಥಾನಿನ ಪಿಪ್‌ನಿಂದ ಆನ್ಸಿಬಲ್-ಕೋರ್ 2.17 ಏರಿಸಬೇಡಿ. ಅದು 3.6ನ್ನು ಕೈಬಿಟ್ಟಿದೆ. ಎಂಟರ ಸರಣಿಯ ಮಷೀನುಗಳಿಗೆ 2.16ರಲ್ಲೇ ಇರಿ.

ಮೂರನೆಯದು ಹೋಸ್ಟ್‌ನೇಮ್. ಆನ್ಸಿಬಲ್-ಪುಲ್ ಮೊದಲು ಮಷೀನಿನ ಹೆಸರಿನ ಪ್ಲೇಬುಕ್ ಹುಡುಕುತ್ತದೆ, ಸಿಗದಿದ್ದರೆ ಲೋಕಲ್ ಅನ್ನೋ ಫೈಲು. ಇನ್‌ಸ್ಟಾಲ್ ಮಾಡಿದ ಹುಡುಗರು ಅರ್ಧ ಮಷೀನುಗಳಿಗೆ ಲೋಕಲ್‌ಹೋಸ್ಟ್ ಅಂತಲೇ ಬಿಟ್ಟಿದ್ದರು. ಈಗ ಊರು, ಅಂಗಡಿ ನಂಬರ್ ಸೇರಿಸಿ ಹೆಸರು.

ಪುಲ್ಲನ್ನು ಹೊತ್ತಿಗೆ ಸರಿಯಾಗಿ ಓಡಿಸೋಕೆ ಕ್ರಾನ್ ಬೇಡ, ಸಿಸ್ಟಂಡಿ ಟೈಮರ್ ಹಾಕಿ. ಪರ್ಸಿಸ್ಟೆಂಟ್ ಆನ್ ಇದ್ದರೆ, ಮಷೀನು ಆಫ್ ಇದ್ದಾಗ ತಪ್ಪಿದ ಸರದಿ ಬೂಟ್ ಆದ ಮೇಲೆ ಓಡುತ್ತದೆ. ರಾತ್ರಿ ಮೇನ್ ಆಫ್ ಮಾಡುವ ಊರಿಗೆ ಇದೊಂದೇ ಸಾಕು. ಜೊತೆಗೆ ರ್‍ಯಾಂಡಮ್ ಡಿಲೇ ಇಪ್ಪತ್ತು ನಿಮಿಷದ ಹತ್ತಿರ. ಹತ್ತು ಗಂಟೆಗೆ ಎಲ್ಲವೂ ಒಟ್ಟಿಗೆ ಮುತ್ತೋದು ನಿಂತಿತು. "ಬದಲಾದರೆ ಮಾತ್ರ ಓಡು" ಅನ್ನೋ ಆಪ್ಷನ್ ಡೇಟಾ ಉಳಿಸುತ್ತದೆ ಅಂತ ಕೆಲವರು ಹಾಕುತ್ತಾರೆ. ನಾನು ತೆಗೆದೆ. ಒಮ್ಮೆ ಓಟ ಮಧ್ಯದಲ್ಲಿ ಬಿದ್ದರೆ, ರೆಪೊಗೆ ಹೊಸ ಕಮಿಟ್ (ಸೇರಿಸಿದ ಬದಲಾವಣೆ) ಬರುವವರೆಗೆ ಮತ್ತೆ ಓಡಲ್ಲ. ಯಾರಾದರೂ ಕೈಯಾಡಿಸಿ ಫೈಲ್ ಕೆಡಿಸಿದ್ದರೂ ಹಾಗೇ ಇರುತ್ತದೆ. ಡೇಟಾ ಎಷ್ಟು ಉಳಿದೀತು? ಕ್ಲೋನ್ ಹೇಗೂ ಶಾಲೋ, ಅಂದರೆ ಹಳೆಯ ಇತಿಹಾಸ ಬಿಟ್ಟು ಇತ್ತೀಚಿನ ಪ್ರತಿ ಮಾತ್ರ, ಕೆಲವು ಎಂಬಿ ಅಷ್ಟೇ.

ಪುಲ್ ಬೇಡ ಅನ್ನುವವರ ಒಂದು ಮಾತು ಮಾತ್ರ ಖರೆ: ಯಾವ ಮಷೀನು ಓಡಿತು, ಯಾವುದು ಬಿತ್ತು ಅಂತ ಒಂದೇ ಕಡೆ ಕಾಣಲ್ಲ. ಅದಕ್ಕೆ ಓಟ ಮುಗಿದ ಮೇಲೆ ಪ್ರತಿ ಮಷೀನೂ ಕರ್ಲ್ ಕಮಾಂಡಿನಿಂದ ನನ್ನದೊಂದು ವೆಬ್ ಪೇಜಿಗೆ ಒಂದು ಸಾಲು ಕಳಿಸುತ್ತದೆ: ಹೆಸರು, ಕಮಿಟ್, ಪಾಸೋ ಫೇಲೋ. ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲೇ ನೋಡುತ್ತೇನೆ. ಲೈನು ಕೆಟ್ಟ ಮಷೀನು ಯಾವುದು, ನಿಜವಾಗಿ ಕೆಟ್ಟದ್ದು ಯಾವುದು ಅಂತ ಆ ಪೇಜು ಹೇಗೆ ಬೇರೆ ಮಾಡುತ್ತದೆ ಅನ್ನೋದನ್ನು ಬರೆಯಲ್ಲ. ಹೊಟ್ಟೆಪಾಡು ಅದರ ಮೇಲೆಯೇ ಇದೆ. ಹೊಸ ಕಮಿಟ್ಟನ್ನು ಯಾವ ಅಂಗಡಿಗೆ ಮೊದಲು ಬಿಡುತ್ತೇನೆ ಅನ್ನೋದೂ ನನ್ನಲ್ಲೇ ಇರಲಿ, ಆ ಅಂಗಡಿಯವರು ಓದಿಯಾರು! ಸಹಿ ಇಲ್ಲದ ಕಮಿಟ್ಟನ್ನು ತಗೋಬೇಡ ಅಂತ ವೆರಿಫೈ ಆಪ್ಷನ್ ಮಾತ್ರ ನೀವು ತಪ್ಪದೆ ಹಾಕಿ. ಆ ರೆಪೊ ಬೇರೆಯವರ ಕೈಗೆ ಹೋದರೆ ನಲವತ್ತು ಮಷೀನಿನ ರೂಟ್ (ಪೂರ್ತಿ ಅಧಿಕಾರ) ಕೊಟ್ಟಂತೆ.

ನಡುವೆ ಒಂದು ಹುಚ್ಚು ಪ್ರಯೋಗ. ಗದಗದ ಮಿಲ್ಲಿನಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು, ಇಳಿಸಿದ ಪ್ಯಾಕೇಜುಗಳನ್ನು ಅಲ್ಲೇ ಕೂಡಿಡುವ ಕ್ಯಾಶ್ ಮಾಡಿದೆ. ಹತ್ತಿ ಧೂಳು ಫ್ಯಾನಿಗೆ ಮೆತ್ತಿಕೊಂಡು ಗಟ್ಟಿ ಬತ್ತಿಯಾಯಿತು, ಎಸ್‌ಡಿ ಕಾರ್ಡೂ ಹೋಯಿತು. ಐದಾರು ಸಾವಿರ ನೀರಿಗೆ. ಈಗ ದೊಡ್ಡ ಅಪ್‌ಡೇಟ್ ಇದ್ದರೆ ಆಫೀಸಿನಲ್ಲಿ ರೆಪೊಸಿಂಕ್‌ನಿಂದ ಪ್ಯಾಕೇಜುಗಳನ್ನು ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಹೋಗುವ ಹುಡುಗನ ಕೈಗೆ ಕೊಡುತ್ತೇನೆ.

ಖರ್ಚಿನ ಲೆಕ್ಕ ಅಂದಾಜಿನಲ್ಲಿ: ಗಿಟ್ ಇರುವ ಸಣ್ಣ ಕ್ಲೌಡ್ ಮಷೀನು ತಿಂಗಳಿಗೆ ಐನೂರು ಆರ್ನೂರು. ಸಾಫ್ಟ್‌ವೇರಿಗೆ ಸೊನ್ನೆ. ಮೊದಲು ಡೀಸೆಲ್ಲಿಗೇ ತಿಂಗಳಿಗೆ ಹನ್ನೆರಡು ಹದಿಮೂರು ಸಾವಿರ ಹೋಗುತ್ತಿತ್ತು, ಈಗ ನಾಲ್ಕರ ಒಳಗೆ. ಬೇಡ ಅಂದಿದ್ದ ಗೋಕುಲ ರೋಡಿನವರಲ್ಲಿ ಒಬ್ಬರು ಹೋದ ತಿಂಗಳು ಟೈಮರ್ ಫೈಲು ಕೇಳಿದರು. ಕೊಟ್ಟೆ, ಪೇಜು ಕೊಡಲಿಲ್ಲ.

ಸೆಂಟ್‌ಒಎಸ್ 7ರ ಮೂರ್ನಾಲ್ಕು ಮಷೀನು ಇನ್ನೂ ಉಳಿದಿವೆ. 2024ರ ಜೂನ್ 30ಕ್ಕೇ ಅದರ ಆಯುಷ್ಯ ಮುಗಿದಿದೆ, ಪ್ಯಾಕೇಜ್ ಇಳಿಸುವ ಮಿರರ್ ಲಿಸ್ಟೂ ಇಲ್ಲ, ವಾಲ್ಟ್ ಅನ್ನೋ ಹಳೆಯ ಪ್ಯಾಕೇಜುಗಳ ಸಂಗ್ರಹದಿಂದ ಎಳೆಯಬೇಕು. ಅವುಗಳನ್ನು ಈ ಪದ್ಧತಿಗೆ ಸೇರಿಸಿಲ್ಲ. ಹೊಸ ಡಿಸ್ಕಿಗೆ ದುಡ್ಡು ಕೊಟ್ಟ ದಿನ ರಾಕಿ ಹಾಕಿ ಸೇರಿಸುತ್ತೇನೆ ಅಂತ ಮಾಲೀಕರಿಗೆ ಹೇಳಿದ್ದೇನೆ. ಒಬ್ಬರು ದೀಪಾವಳಿ ಆದ ಮೇಲೆ ನೋಡೋಣು ಅಂದಿದ್ದಾರೆ.